ನಲವತ್ತು ನಿಮಿಷ, ಮುನ್ನೂರು ಗಂಟೆ

ಬುಧವಾರ, ಬೆಳಗ್ಗೆ ಹತ್ತೂವರೆ
ಆಸ್ಪತ್ರೆ ಲಾಂಡ್ರಿಯ ಉಗ್ರಾಣದಿಂದ

ನನ್ನ ತಂಗಿ ಲಾಯರಮ್ಮನಿಗೆ,

ಅಕ್ಕನ ಆಶೀರ್ವಾದ, ಅದರ ಜೊತೆಗೇ ಅಕ್ಕನ ಸಿಟ್ಟು. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿದ್ದೇನೆ. ಯಾವುದು ಮೊದಲು ಬೇಕೋ ತೆಗೆದುಕೋ.

ಅಕ್ಷರ ನನ್ನದಲ್ಲ ಎಂದು ನಿನಗೆ ಮೊದಲ ಸಾಲಿಗೇ ಗೊತ್ತಾಗಿರುತ್ತದೆ. ಸದ್ಯಕ್ಕೆ ನನ್ನ ಕನ್ನಡಕ ಒಡೆದಿದೆ ಎಂದಿಟ್ಟುಕೋ. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಒಂದು ಮಾತೂ ಮೆತ್ತಗಾಗಬಾರದು ಎಂದು ತಾಕೀತು ಮಾಡಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ಜೊತೆ ಜಗಳವಾಡಿ ಗೆದ್ದವರು ಯಾರಿದ್ದಾರೆ? ಹಾಲಿನ ಲೋಟ ಒಡೆದದ್ದು ನಿನ್ನ ಕೈಯಿಂದಲ್ಲ, ಅದನ್ನು ಅಲ್ಲಿ ಇಟ್ಟವರಿಂದ ಎಂದು ಆರನೇ ವಯಸ್ಸಿಗೇ ಅಮ್ಮನನ್ನು ಒಪ್ಪಿಸಿದವಳು ನೀನು. ಲೋಟ ಇಟ್ಟವಳು ನಾನು, ಏಟು ತಿಂದವಳೂ ನಾನು. ಅವತ್ತು ಅಮ್ಮ ಇಟ್ಟ ಹೆಸರು ಲಾಯರಮ್ಮ. ಈಗ ಕಾಲೇಜಿನಲ್ಲಿ ಕಾನೂನಿನ ಪಾಠ ಮಾಡುತ್ತೀಯ, ಜೈಲುಗಳನ್ನು ಮುಚ್ಚಬೇಕು ಎಂದು ಉದ್ದುದ್ದ ಲೇಖನ ಬರೆಯುತ್ತೀಯ. ಪತ್ರದ ಒಂದು ಅನುಕೂಲವೆಂದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಸುಮ್ಮನೆ ಓದು.

ಐದು ತಿಂಗಳ ಹಿಂದೆ ನೀನು ಎರಡು ದಿನದ ರಜೆ ಹಾಕಿ ಬಂದೆ. ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ನಿನಗೆ ವ್ಯಾನು ಗುದ್ದಿದವನಿಗೆ ನ್ಯಾಯಾಧೀಶರು ಎರಡು ದಾರಿ ಹೇಳಿದ್ದಾರೆ, ಒಂದು ವರ್ಷ ಜೈಲು, ಇಲ್ಲವೇ ಮುನ್ನೂರು ಗಂಟೆ ಸಂಬಳವಿಲ್ಲದ ದುಡಿಮೆ, ಎರಡನೆಯದಕ್ಕೆ ನಿನ್ನ ಒಪ್ಪಿಗೆ ಬೇಕು ಎಂದು ಅಮ್ಮನಿಗೆ ಬಿಡಿಸಿ ಹೇಳಿದೆ. ಜೈಲಿನಿಂದ ಯಾರೂ ಸುಧಾರಿಸಿ ಬರುವುದಿಲ್ಲ ಎಂದೆ. ಅದಕ್ಕೆ ಅಂಕಿ-ಅಂಶ ಕೊಟ್ಟೆ. ಸೊಂಟಕ್ಕೆ ಮೊಳೆ ಹೊಡೆಸಿಕೊಂಡು ಮಲಗಿದ್ದ ಎಪ್ಪತ್ತರ ಮುದುಕಿಗೆ ಅಂಕಿ-ಅಂಶ! ನಾನು ಪಾಳಿ ಮುಗಿಸಿ ಮೇಲೆ ಬರುವಷ್ಟರಲ್ಲಿ ಅಮ್ಮ ಸಹಿ ಹಾಕಿ ಆಗಿತ್ತು, ನೀನು ಸಂಜೆಯ ಬಸ್ಸಿಗೆ ಚೀಲ ತುಂಬುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಅಮ್ಮನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವವಳು ನಾನು, ಒಪ್ಪಿಗೆ ಕೊಡಿಸುವವಳು ನೀನು. ಚೆನ್ನಾಗಿದೆ ನ್ಯಾಯ.

ನಿನಗೆ ಮರೆತಿರಬಹುದು, ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಇದನ್ನು ಬರೆಸಲೇಬೇಕು. ಅವತ್ತು ರಜೆಯ ದಿನ, ಮಧ್ಯಾಹ್ನ, ಜಿನುಗು ಮಳೆ. ಅಮ್ಮ ಮಾತ್ರೆ ತಗೊಂಡು ದೊಡ್ಡ ರಸ್ತೆಯಿಂದ ನಮ್ಮ ಗಲ್ಲಿಗೆ ತಿರುಗಿದಳು. ಬ್ರೆಡ್ಡು ಹಂಚುವ ವ್ಯಾನು ಹಿಂದಿನಿಂದ ಬಂತು. ಓಡಿಸುವವನ ಕಣ್ಣು ಮೊಬೈಲಿನಲ್ಲಿತ್ತು. ಹೊಡೆದ ಮೇಲೆ ವ್ಯಾನು ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನಿಂತಿತು. ಹಿಂದಿನ ಕೆಂಪು ದೀಪ ಉರಿಯುವುದನ್ನು ಅಮ್ಮ ಬಿದ್ದಲ್ಲಿಂದಲೇ ನೋಡಿದಳು, ಇನ್ನೇನು ಇಳಿದು ಬರುತ್ತಾನೆ ಎಂದುಕೊಂಡಳು. ದೀಪ ಆರಿತು. ವ್ಯಾನು ಹೋಯಿತು. ಗಲ್ಲಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಎದುರಿಗೆ ಮುಚ್ಚಿದ ಕ್ಷೌರದಂಗಡಿ, ಗಾಜಿನ ಬಾಗಿಲಿನೊಳಗೆ ಗೋಡೆ ಗಡಿಯಾರ. ಅದನ್ನು ನೋಡುತ್ತಾ ಅಮ್ಮ ನಲವತ್ತು ನಿಮಿಷ ರಸ್ತೆಯ ಮೇಲೆ ಬಿದ್ದಿದ್ದಳು. ಅದನ್ನು ನೋಡುತ್ತಾ ಅಮ್ಮ ನಲವತ್ತು ನಿಮಿಷ ರಸ್ತೆಯ ಮೇಲೆ ಬಿದ್ದಿದ್ದಳು. ಈ ಸಾಲು ಎರಡು ಸಲ ಬಂದಿದೆ, ಇರಲಿ, ಹೊಡೆದು ಹಾಕಿಸುವುದಿಲ್ಲ.

ಮಾರನೆಯ ಬೆಳಗ್ಗೆ ಅವನೇ ಠಾಣೆಗೆ ಹೋಗಿ ಒಪ್ಪಿಕೊಂಡನಂತೆ. ನೀನು ಅದನ್ನೇ ದೊಡ್ಡದು ಮಾಡಿದೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನನಗೆ ಬೇಕಾಗಿದ್ದು ಮಾರನೆಯ ಬೆಳಗ್ಗೆ ಅಲ್ಲ, ಆ ಇಪ್ಪತ್ತು ಹೆಜ್ಜೆ.

ಈಗ ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಅವನನ್ನು ಮುನ್ನೂರು ಗಂಟೆ ದುಡಿಯಲು ಹಾಕಿದ್ದು ನನ್ನ ಲಾಂಡ್ರಿಗೆ.

ಯಾರೋ ಬೇಕೆಂದು ಮಾಡಿದ್ದಲ್ಲ. ಕೋರ್ಟಿನ ಕಡೆಯಿಂದ ಇವರನ್ನು ನೋಡಿಕೊಳ್ಳುವ ಅಧಿಕಾರಿಯ ಹತ್ತಿರ ಒಂದು ಪಟ್ಟಿ ಇದೆ. ಗ್ರಂಥಾಲಯ, ಉದ್ಯಾನ, ಆಸ್ಪತ್ರೆ ಲಾಂಡ್ರಿ. ಎಲ್ಲಿ ಆಳು ಕಡಿಮೆಯೋ ಅಲ್ಲಿಗೆ ಕಳಿಸುತ್ತಾರೆ. ನನ್ನ ಹೆಸರಿನ ಮುಂದೆ ಅಮ್ಮನ ಹೆಸರಿಲ್ಲ, ಆ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು? ಒಂದು ಸೋಮವಾರ ಬೆಳಗ್ಗೆ ಬಾಗಿಲಲ್ಲಿ ಅಧಿಕಾರಿ, ಅವರ ಹಿಂದೆ ಇವನು. ಕೋರ್ಟಿನ ಮೊಗಸಾಲೆಯಲ್ಲಿ ನೋಡಿದ್ದ ಅದೇ ದಪ್ಪ ಕುತ್ತಿಗೆ, ಅದೇ ನೆಲ ನೋಡುವ ಕಣ್ಣು. ಅವನಿಗೂ ನನ್ನ ಗುರುತು ಸಿಕ್ಕಿತು, ಮುಖ ಸುಣ್ಣವಾಯಿತು. ನಾನು ಆಗಲೇ ಅಧಿಕಾರಿಗೆ ಹೇಳಬೇಕಿತ್ತು, ಇವನು ಹೊಡೆದು ಓಡಿದ್ದು ನನ್ನ ತಾಯಿಯನ್ನು, ಬೇರೆ ಕಡೆ ಹಾಕಿ ಎಂದು. ಹೇಳಲಿಲ್ಲ. ಅವನ ಹಾಜರಿ ಬರೆಯುವವಳು ನಾನು, ಕಾರಣವಿಲ್ಲದೆ ಮೂರು ದಿನ ಗೈರುಹಾಜರಾದರೆ ಅವನು ನೇರ ಜೈಲಿಗೆ ಎಂದು ಅಧಿಕಾರಿ ವಿವರಿಸುತ್ತಿದ್ದರೆ ನನಗೆ ಸ್ವರ್ಗಕ್ಕೆ ಮೂರೇ ಗೇಣು. ನೀಟಾಗಿ ಸಹಿ ಹಾಕಿ ಒಳಗೆ ಕರೆದುಕೊಂಡೆ.

ಲಾಂಡ್ರಿಯ ಹೆಂಗಸರು ಅವನಿಗೆ ಗಂಟೆಯಪ್ಪ ಎಂದು ಹೆಸರಿಟ್ಟರು. ಅವರೆಲ್ಲ ನನ್ನನ್ನು ಅಕ್ಕಾ ಎನ್ನುತ್ತಾರಲ್ಲ, ಅವನೂ ಮೊದಲ ದಿನ ಹಾಗೇ ಕರೆದ. ನಾನು ನಿನಗೆ ಅಕ್ಕನೂ ಅಲ್ಲ ತಂಗಿಯೂ ಅಲ್ಲ ಎಂದು ಎಲ್ಲರ ಎದುರಿಗೇ ಹೇಳಿದೆ. ಅಲ್ಲಿಂದ ಮುಂದೆ ಅವನು ನನ್ನನ್ನು ಏನೂ ಕರೆಯಲಿಲ್ಲ.

ಅವನಿಗೆ ಏನೇನು ಮಾಡಿದೆ ಗೊತ್ತಾ? ಆಪರೇಷನ್ ಕೋಣೆಯಿಂದ ಬಂದ ಬಟ್ಟೆ ಕೊಟ್ಟೆ. ರಕ್ತದ ಕಲೆಗೆ ಮೊದಲು ತಣ್ಣೀರು, ಬಿಸಿನೀರು ತಗುಲಿದರೆ ಕಲೆ ಜನ್ಮಕ್ಕೂ ಹೋಗುವುದಿಲ್ಲ. ಇದನ್ನು ಇಲ್ಲಿ ಮೊದಲ ದಿನವೇ ಹೇಳಿಕೊಡುತ್ತೇವೆ. ಅವನಿಗೆ ಹೇಳಿಕೊಡಲಿಲ್ಲ. ಬಿಸಿನೀರಿಗೆ ಹಾಕಿದ, ಹದಿನೆಂಟು ಬೆಡ್‌ಶೀಟು ಹಾಳಾಯಿತು, ಬಾಯಿಗೆ ಬಂದ ಹಾಗೆ ಬೈದೆ. ಮನೆಗೆ ಹೋಗಿ ಅಮ್ಮನ ಎದುರು ಜಂಬ ಕೊಚ್ಚಿಕೊಂಡೆ. ಅಮ್ಮ ಇದೇ ಲಾಂಡ್ರಿಯಲ್ಲಿ ಮೂವತ್ತು ವರ್ಷ ಸವೆಸಿದವಳು, ಅವಳ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ವಾಕರ್ ಹಿಡಿದು ಕಿಟಕಿಯ ಹತ್ತಿರ ನಿಂತವಳು ತಿರುಗಿಯೂ ನೋಡದೆ, ನೀನು ಅವನಿಗೆ ಹೇಳೇ ಇರಲಿಲ್ಲ ಅಲ್ವಾ ಅಂದಳು. ಆಮೇಲೆ, ಶೀಟು ಏನು ಪಾಪ ಮಾಡಿತ್ತು ಅಂದಳು. ಅಮ್ಮನೂ ಅವನನ್ನು ಬೈಯುತ್ತಾಳೆ, ದೇವರಾಣೆ, ನನಗಿಂತ ಚೆನ್ನಾಗಿ ಬೈಯುತ್ತಾಳೆ. ಆದರೆ ಕೆಲಸ ಕೆಡಿಸಿದ್ದನ್ನು ಸಹಿಸುವುದಿಲ್ಲ.

ಆಮೇಲೆ ಜೈಲಿನ ಕಂಬಳಿಗಳನ್ನು ಕೊಟ್ಟೆ. ತಿಂಗಳಿಗೊಮ್ಮೆ ಜೈಲಿನಿಂದ ಇನ್ನೂರು ಕಂಬಳಿ ನಮ್ಮಲ್ಲಿಗೇ ಬರುತ್ತದೆ. ಲಾಯರಮ್ಮ, ನೀನು ಜೈಲನ್ನು ಪುಸ್ತಕದಲ್ಲಿ ನೋಡಿದ್ದೀಯ, ನಾನು ಕಂಬಳಿಯಲ್ಲಿ ನೋಡಿದ್ದೇನೆ. ಮೂಲೆಗಳಲ್ಲಿ ಹಲ್ಲಿನ ಗುರುತು. ಅಂಚಿನಿಂದ ಎಳೆ ಕಿತ್ತು ಹಾಕಿದ ಗಂಟುಗಳು, ದಿನಕ್ಕೊಂದು. ಒಂದರಲ್ಲಿ ನಾನೂರರವರೆಗೆ ಎಣಿಸಿ ಬಿಟ್ಟಿದ್ದೆ. ಆ ವಾಸನೆ ಬೆವರಿನದಲ್ಲ, ಉಚ್ಚೆಯದಲ್ಲ, ಎರಡೂ ಸೇರಿ ಕೊಳೆತದ್ದೂ ಅಲ್ಲ. ಬೇರೆ ಯಾವ ಬಟ್ಟೆಗೂ ಅದು ಇಲ್ಲ. ನಮ್ಮ ಹೆಂಗಸರು ಅವತ್ತು ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟುತ್ತಾರೆ. ಅವನಿಗೆ ಕಟ್ಟಿಕೊಳ್ಳಲು ಬಿಡಲಿಲ್ಲ. ನೋಡಿಕೋ, ನಿನಗೆ ತಪ್ಪಿದ್ದು ಇದೇ ಅಂದೆ. ಎರಡೂ ಕೈಯಲ್ಲಿ ಕಂಬಳಿ ಎತ್ತಿಕೊಂಡು ಅಂಚಿನ ಗಂಟುಗಳನ್ನು ನೋಡಿದ. ಆಮೇಲೆ ಗಂಟುಗಳು ಬಿಚ್ಚದ ಹಾಗೆ ಮೂಲೆ ಹಿಡಿದು ಉಜ್ಜಿದ. ಯಾಕೆ ಅಂದರೆ, ಇದು ಯಾರದೋ ಲೆಕ್ಕ, ಕೆಡಿಸೋದು ಬೇಡ ಅಂದ. ನನಗೆ ಅಷ್ಟು ವರ್ಷ ಅದು ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎಂಬುದಕ್ಕೇ ಇನ್ನಷ್ಟು ಸಿಟ್ಟು ಬಂತು.

ಇನ್ನು ಶೀಟು ಮಡಚುವುದು. ನಿನಗೆ ಗೊತ್ತು, ಚಿಕ್ಕಂದಿನಲ್ಲಿ ಅಮ್ಮನ ಜೊತೆ ನಾವಿಬ್ಬರೂ ಆಟದ ಹಾಗೆ ಮಡಚುತ್ತಿದ್ದೆವಲ್ಲ, ದೊಡ್ಡ ಶೀಟಿಗೆ ಇಬ್ಬರು ಬೇಕೇ ಬೇಕು. ನನ್ನ ಜೊತೆಗಾತಿ ನಿವೃತ್ತಳಾದ ಮೇಲೆ ಯಾರೂ ಬಂದಿರಲಿಲ್ಲ, ಬಂದವನು ಇವನು. ಆ ತುದಿ ಅವನು, ಈ ತುದಿ ನಾನು. ಜಗ್ಗಿ ಎಳೆದು ಒಂದು ಮಡಿಕೆ, ಇನ್ನೊಂದು ಮಡಿಕೆ, ಆಮೇಲೆ ಅವನು ನಡೆದು ಬಂದು ತನ್ನ ತುದಿಯನ್ನು ನನ್ನ ಕೈಗೆ ಕೊಡಬೇಕು. ದಿನಕ್ಕೆ ಇನ್ನೂರು ಶೀಟು. ಅಂದರೆ ದಿನಕ್ಕೆ ಇನ್ನೂರು ಸಲ ಅವನು ನನ್ನ ಕಡೆಗೆ ನಡೆದು ಬರುತ್ತಾನೆ. ಅಮ್ಮನ ಕಡೆಗೆ ಒಂದು ಸಲ ನಡೆದು ಬಂದಿದ್ದರೆ ಸಾಕಿತ್ತಲ್ಲ ಕಣೇ! ಒಂದು ದಿನ ತಡೆಯಲಾರದೆ ಕೇಳಿದೆ, ನನ್ನ ಗುರುತು ಸಿಕ್ಕ ಮೇಲೂ ಬೇರೆ ಕಡೆ ಹಾಕಿ ಅಂತ ಯಾಕೆ ಕೇಳಲಿಲ್ಲ ಎಂದು. ಒಂದು ಸಲ ಓಡಿದ್ದು ಸಾಕು ಅನ್ನಿಸ್ತು ಅಂದ. ಕೈಯಲ್ಲಿದ್ದ ಶೀಟನ್ನು ನೆಲಕ್ಕೆ ಎಸೆದು ಹೊರಗೆ ಹೋದೆ.

ನೀನು ಇಲ್ಲಿ ಮುಗುಳ್ನಗುತ್ತಿರುತ್ತೀಯ, ನೋಡು, ಮನುಷ್ಯ ಬದಲಾಗುತ್ತಾನೆ ಎಂದು. ನಗಬೇಡ. ನಿನ್ನ ಲೇಖನಗಳಲ್ಲಿ ಇಲ್ಲದ ಒಂದು ಮಾತು ಹೇಳುತ್ತೇನೆ. ಜೈಲಿಗೆ ಕಾವಲುಗಾರ ಇದ್ದಾನೆ, ಅವನಿಗೆ ಸಂಬಳ ಇದೆ, ಪಾಳಿ ಮುಗಿದ ಮೇಲೆ ಮನೆಗೆ ಹೋಗುತ್ತಾನೆ. ನಿನ್ನ ಈ ಮುನ್ನೂರು ಗಂಟೆಗೆ ಕಾವಲು ಯಾರು? ನಾನು. ಅವನ ಮುಖ ನೋಡಬೇಕು, ಅವನಿಗೆ ಕೆಲಸ ಕಲಿಸಬೇಕು, ಸಂಜೆ ಮನೆಗೆ ಹೋಗಿ ಅವನು ಮುರಿದ ಸೊಂಟಕ್ಕೆ ಎಣ್ಣೆ ತಿಕ್ಕಬೇಕು. ಜೈಲು ಕಟ್ಟಿದ್ದು ಅಪರಾಧಿಗಳಿಗೆ ಅಲ್ಲವೇ ಅಲ್ಲ, ನಮಗೆ. ಅವರ ಮುಖ ನಮಗೆ ಕಾಣದಿರಲಿ ಎಂದು. ಕಾಣದಿದ್ದರೆ ಸಿಟ್ಟನ್ನು ನೆಮ್ಮದಿಯಾಗಿ ಇಟ್ಟುಕೊಂಡು ಬದುಕಬಹುದು. ನನಗೆ ಆ ನೆಮ್ಮದಿ ಬೇಕಿತ್ತು. ನೀನು ಕಿತ್ತುಕೊಂಡೆ.

ಅದಕ್ಕೇ ನಾನು ಮಾಡಬಾರದ್ದನ್ನು ಮಾಡಿದೆ. ಒಂದು ದಿನ ಹೆಂಗಸರು ಏನೋ ಹಾಸ್ಯ ಮಾಡಿದರು, ಅವನು ನಕ್ಕ. ಮೊದಲ ಸಲ. ಅವನ ನಗು ಚೆನ್ನಾಗಿತ್ತು, ಅದೇ ತಪ್ಪು. ಅವತ್ತೇ ಬೆಳಗ್ಗೆ ಅಮ್ಮ ಬಚ್ಚಲಿನಲ್ಲಿ ಏಳಲಾರದೆ ಅತ್ತಿದ್ದಳು. ಹಾಜರಿ ಪುಸ್ತಕ ತೆಗೆದು ಅವನ ಹೆಸರಿನ ಮುಂದೆ ಗೀಟು ಎಳೆದೆ, ಗೈರುಹಾಜರಿ ಎಂದು. ಇಡೀ ದಿನ ನನ್ನ ಕಣ್ಣೆದುರಿಗೇ ಬೆವರು ಸುರಿಸಿದವನಿಗೆ. ಎರಡನೆಯ ಗೀಟು, ಅಮ್ಮ ಇನ್ನು ಆಸರೆಯಿಲ್ಲದೆ ನಡೆಯಲಾರಳು ಎಂದು ಡಾಕ್ಟರು ಹೇಳಿದ ದಿನ. ಮೂರನೆಯದು ಮೊನ್ನೆ ಸೋಮವಾರ. ಅದರ ಕಾರಣ ಕೇಳಿದರೆ ನೀನು ನಗುತ್ತೀಯ. ಭಾನುವಾರ ಅಮ್ಮ ಕೇಳಿದಳು, ಅವನು ಶೀಟು ಮಡಚೋಕೆ ಕಲಿತನಾ ಅಂತ. ಹೂಂ, ಚೆನ್ನಾಗಿ ಮಡಚುತ್ತಾನೆ ಅಂದುಬಿಟ್ಟೆ. ನನ್ನ ಬಾಯಿಂದ ಆ ಮಾತು ಬಂತಲ್ಲ ಎಂದು ಮೈಯೆಲ್ಲ ಉರಿಯಿತು. ಸೋಮವಾರ ಅವನು ಬಂದು ಕೈಕಾಲು ತೊಳೆಯುತ್ತಿರುವಾಗಲೇ ಗೀಟು ಎಳೆದೆ. ಹೊಗಳಿದ್ದಕ್ಕೆ ಶಿಕ್ಷೆ. ಮೂರಾಯಿತು. ಶುಕ್ರವಾರ ಅಧಿಕಾರಿ ಬಂದು ಪುಸ್ತಕ ನೋಡಿದರೆ ಮುಗಿಯಿತು, ಅವನು ಆ ಕಂಬಳಿಯೊಳಗೆ.

ಹೌದು, ಸುಳ್ಳು ಬರೆದೆ. ಕೋರ್ಟಿಗೆ ಹೋಗುವ ಪುಸ್ತಕದಲ್ಲಿ, ನಿನ್ನ ಅಕ್ಕ, ಸುಳ್ಳು ಬರೆದಳು. ಬೇಕಾದರೆ ಈ ಸಾಲಿಗೆ ಅಡಿಗೆರೆ ಹಾಕಿ ನಿನ್ನ ವಿದ್ಯಾರ್ಥಿಗಳಿಗೆ ಪಾಠ ಮಾಡು.

ಅದೇ ಸೋಮವಾರ ಹನ್ನೊಂದು ಗಂಟೆಗೆ ಇಸ್ತ್ರಿ ರೋಲರಿನಲ್ಲಿ ಒಬ್ಬಳ ಕೈ ಸಿಕ್ಕಿಕೊಂಡಿತು. ಶೀಟಿನ ಮೂಲೆ ಮಡಚಿಕೊಂಡರೆ ಮೊದಲು ಕೆಂಪು ಗುಂಡಿ ಒತ್ತಿ ನಿಲ್ಲಿಸಬೇಕು, ಆಮೇಲೆ ಸರಿ ಮಾಡಬೇಕು. ಹೊಸಬರಿಗೆ ಅದನ್ನು ನಾನು ಬಾಯಿಪಾಠ ಮಾಡಿಸುತ್ತೇನೆ. ಹೊಸಬರು ಎಂದೂ ಸಿಕ್ಕಿಬೀಳುವುದಿಲ್ಲ, ಹೆದರಿಕೆ ಇರುತ್ತದೆ. ಇವಳು ಹಳೆಯ ಕೈ. ಮನಸ್ಸು ಎಲ್ಲೋ ಇತ್ತು, ಓಡುತ್ತಿದ್ದ ರೋಲರಿನ ಬಾಯಿಗೇ ಬೆರಳು ಚಾಚಿದಳು. ಶೀಟಿನ ಜೊತೆಗೇ ಬೆರಳು ಒಳಗೆ ಹೋಯಿತು. ಕಾದ ಕಬ್ಬಿಣ. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಕಿರುಚಿಕೊಂಡು ಹಿಂದೆ ಸರಿದರು. ಅವನು ಹಾಲ್‌ನ ಆ ತುದಿಯಲ್ಲಿ ಒದ್ದೆ ಬಟ್ಟೆಯ ಗಂಟು ಹೊತ್ತಿದ್ದ. ಗಂಟು ಬಿಸಾಕಿ, ಕೂಗುತ್ತಾ, ನೀರು ಚೆಲ್ಲಿದ ನೆಲದ ಮೇಲೆ ಜಾರಿ ಎದ್ದು ಬಂದು ಗುಂಡಿಗೆ ಗುದ್ದಿದ. ನಿಂತಿತು. ಪಕ್ಕದ ಚಕ್ರವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದ. ಇನ್ನೆರಡು ಕ್ಷಣ ಆಗಿದ್ದರೆ ಮೊಣಕೈವರೆಗೂ ಹೋಗುತ್ತಿತ್ತು ಎಂದರು ಡಾಕ್ಟರು. ಈಗ ಎರಡು ಬೆರಳಿಗೆ ಮಾತ್ರ ಕುತ್ತು. ಬ್ಯಾಂಡೇಜು ಮುಗಿಯುವವರೆಗೆ, ಸಂಜೆಯವರೆಗೆ, ಅವನು ತುರ್ತು ಚಿಕಿತ್ಸೆಯ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಯಾರೂ ಇರು ಎಂದಿರಲಿಲ್ಲ.

ಎಲ್ಲರೂ ಹೊಗಳಿದರು. ಗಂಟೆಯಪ್ಪ ದೇವರಂಥವನು ಎಂದರು. ನನಗೆ ಏನನ್ನಿಸಿತು ಗೊತ್ತಾ ನಿನಗೆ? ಕೃತಜ್ಞತೆ ಅಂದುಕೊಂಡರೆ ನೀನು ಪೆದ್ದಿ. ಹಾಗಾದರೆ ಇವನಿಗೆ ನಿಲ್ಲಿಸಲು ಬರುತ್ತದೆ! ಇವನಿಗೆ ಓಡಿ ಬರಲು ಬರುತ್ತದೆ, ಕಾಯುತ್ತಾ ಕೂರಲು ಬರುತ್ತದೆ! ಹಾಗಾದರೆ ಅವತ್ತು ಯಾಕೆ ಬರಲಿಲ್ಲ? ಇವನು ಕಲ್ಲಿನಂಥವನಾಗಿದ್ದರೆ, ಕಲ್ಲು ತಾನೇ ಎಂದು ಸುಮ್ಮನಾಗುತ್ತಿದ್ದೆ. ಇವನು ಬರಬಹುದಾದವನು, ಬರದೇ ಹೋದವನು. ಇದನ್ನು ನಾನು ಸಾಯುವವರೆಗೂ ಕ್ಷಮಿಸಲಾರೆ.

ಮಂಗಳವಾರ ನಮ್ಮ ದೊಡ್ಡ ಗುಮಾಸ್ತರು ಎರಡು ಪುಸ್ತಕ ಹಿಡಿದು ಮನೆಗೇ ಬಂದರು. ಒಂದು ಹಾಜರಿ ಪುಸ್ತಕ, ಅದರಲ್ಲಿ ಸೋಮವಾರ ಅವನು ಗೈರುಹಾಜರು. ಇನ್ನೊಂದು ಅಪಘಾತದ ಪುಸ್ತಕ, ಅದರಲ್ಲಿ ಅದೇ ಸೋಮವಾರ ಯಂತ್ರ ನಿಲ್ಲಿಸಿದವನು ಅವನು, ಸಾಕ್ಷಿ ಸಹಿಯೂ ಅವನದೇ. ಒಂದೇ ದಿನದ ಬಗ್ಗೆ ಎರಡು ಪುಸ್ತಕ ಎರಡು ಮಾತು ಹೇಳ್ತಾ ಇದೆಯಲ್ಲಮ್ಮಾ ಎಂದರು. ನಾನು ಹಾಜರಿ ಪುಸ್ತಕವನ್ನು ಮುಚ್ಚಿಬಿಟ್ಟೆ, ಅವರಿಗೆ ಅಷ್ಟೇ ಸಾಕಾಯಿತು. ಒಳ್ಳೆಯವರು, ನನ್ನ ಒಳ್ಳೆಯದಕ್ಕೇ ಹೇಳಿದರು. ಅಪಘಾತದ ಹಾಳೆ ಇನ್ನೂ ಮೇಲಿನವರಿಗೆ ಹೋಗಿಲ್ಲ, ಬೇರೆ ಬರೆಯೋಣ, ಗುಂಡಿ ಒತ್ತಿದ್ದು ಇನ್ನೊಬ್ಬ ಹೆಂಗಸು ಅಂತ ಹಾಕೋಣ, ಅವನು ಹೇಗೂ ಶಿಕ್ಷೆ ಆದವನು, ನಿಮ್ಮದು ಇಪ್ಪತ್ತಾರು ವರ್ಷದ ನೌಕರಿ ಎಂದರು. ಅಮ್ಮ ಒಳಗಿನಿಂದ ಎಲ್ಲಾ ಕೇಳಿಸಿಕೊಂಡಳು.

ಅವರು ಹೋದ ಮೇಲೆ ಅಮ್ಮ ವಾಕರ್ ತಳ್ಳಿಕೊಂಡು ಬಂದು ನನ್ನ ಎದುರು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ನನ್ನ ಸೊಂಟದ ಹೆಸರು ಹೇಳ್ಕೊಂಡು ಸುಳ್ಳು ಬರೀಬೇಡ, ನಿನ್ನ ಸಿಟ್ಟಿಗೆ ನಿನ್ನ ಹೆಸರೇ ಇಟ್ಕೋ ಅಂದಳು. ಅಷ್ಟೇ. ಮತ್ತೆ ಕಿಟಕಿಗೆ ಹೋದಳು. ಆ ನಾಲ್ಕು ಹೆಜ್ಜೆಗೆ ಅವಳಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿನಗೆ ಗೊತ್ತಿಲ್ಲ, ಕೂತು ನೋಡುವುದು ನಾನು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನಿನ್ನೂ ಶಾಂತವಾಗಿಯೇ ಇಲ್ಲ, ಮೂಗು ಮಾತ್ರ ಹೋಯಿತು. ಅದಕ್ಕೇ ನಿನ್ನನ್ನು ಕೇಳುತ್ತೇನೆ, ಲಾಯರಮ್ಮ, ಅಕ್ಕನಾಗಿ ಅಲ್ಲ, ತಪ್ಪು ಮಾಡಿದವಳಾಗಿ. ಒಬ್ಬ ಮನುಷ್ಯನನ್ನು ಜೈಲಿಗೆ ಹಾಕಿಸಲು ಸುಳ್ಳು ದಾಖಲೆ ಬರೆದವಳಿಗೆ ನಿನ್ನ ಕಾನೂನಿನಲ್ಲಿ ಏನಿದೆ? ಜೈಲಾ, ಗಂಟೆಯಾ? ನಿನ್ನೆಯಿಡೀ ಇದನ್ನೇ ಯೋಚಿಸಿದೆ. ಯಾರಾದರೂ ಕೇಳಿದರೆ ನನಗೆ ಗಂಟೆಯೇ ಬೇಕು. ಆ ಕಂಬಳಿ ಬೇಡ. ಬೆಳಗ್ಗೆ ಎದ್ದು ಹೋಗಿ, ಬೈಸಿಕೊಂಡು, ಒದ್ದೆ ಗಂಟು ಹೊತ್ತು, ಸಂಜೆ ಅಮ್ಮನ ಹತ್ತಿರ ಬರುವ ಶಿಕ್ಷೆ ಬೇಕು. ಇದು ಗೊತ್ತಾದಾಗ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ನಿನ್ನ ಮೇಲೇ ಮಾಡಿದೆ, ಅಭ್ಯಾಸ ಇದೆಯಲ್ಲ.

ನಿನ್ನ ವಾದ ಗೆದ್ದಿತು ಎಂದು ಕುಣಿಯಬೇಡ. ಮುಂದಿನ ಸಲ ಲೇಖನ ಬರೆಯುವಾಗ ಇದನ್ನೂ ಸೇರಿಸು: ಶಿಕ್ಷೆ ಆದವನನ್ನು ಕಳಿಸುವ ಮೊದಲು, ಅಲ್ಲಿ ಅವನ ಎದುರು ನಿಲ್ಲಬೇಕಾದವರನ್ನು ಒಂದು ಮಾತು ಕೇಳಿ ಎಂದು. ಕೇಳಿದ್ದರೆ ನಾನು ಆಗುವುದಿಲ್ಲ ಎನ್ನುತ್ತಿದ್ದೆ. ಅವನು ಗ್ರಂಥಾಲಯದಲ್ಲಿ ಧೂಳು ಹೊಡೆಯುತ್ತಿದ್ದ. ನನ್ನ ಕೈ ಶುದ್ಧವಾಗಿರುತ್ತಿತ್ತು.

ಶುಕ್ರವಾರ ಅಧಿಕಾರಿ ಬಂದಾಗ ಎರಡೂ ಪುಸ್ತಕಗಳನ್ನು ಇದ್ದ ಹಾಗೇ ಮುಂದಿಡುತ್ತೇನೆ. ಮೂರು ಗೀಟೂ ನಾನೇ ಎಳೆದದ್ದು, ಮೂರು ದಿನವೂ ಅವನು ಬಂದಿದ್ದ, ಅವನು ಯಾರೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಹೇಳುತ್ತೇನೆ. ಗುಮಾಸ್ತರ ಹಾಳೆ ಬೇಡ. ಕೆಲಸ ಹೋದರೆ ಹೋಗಲಿ ಎಂದು ದೊಡ್ಡ ಮಾತು ಆಡುವುದಿಲ್ಲ, ಹೋದರೆ ನನಗೆ ದಿಕ್ಕೇ ತೋಚುವುದಿಲ್ಲ. ಹೆದರಿಕೆಯಾಗುತ್ತಿದೆ. ಆದರೂ ಹೇಳುತ್ತೇನೆ. ಈ ಪತ್ರ ನಿನಗೆ ಸಿಗುವಷ್ಟರಲ್ಲಿ ಶುಕ್ರವಾರ ಕಳೆದಿರುತ್ತದೆ, ಬೇಕೆಂದೇ ಫೋನು ಮಾಡಲಿಲ್ಲ. ನೀನು ಮೊ‌ದಲೇ ಬಂದರೆ ಏನಾದರೂ ವಾದ ಹುಡುಕಿ ನನ್ನನ್ನು ಉಳಿಸುತ್ತೀಯ. ಆಮೇಲೆ ಬಾ. ರಜೆ ಎರಡು ದಿನ ಸಾಲುವುದಿಲ್ಲ, ಒಂದು ವಾರ ಹಾಕು. ಈ ಸಲ ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗುವವಳು ನೀನು.

ಇಂತಿ,
ಇನ್ನೂ ಸಿಟ್ಟಿನಲ್ಲೇ ಇರುವ
ನಿನ್ನ ಅಕ್ಕ

(ಸಹಿ ಸೊಟ್ಟಗಿದೆ. ಅದೊಂದು ಮಾತ್ರ ನನ್ನದೇ, ಎಡಗೈಯದು.)

ಮರೆತ ಮಾತು: ಕನ್ನಡಕ ಒಡೆದಿಲ್ಲ. ರೋಲರಿಗೆ ಸಿಕ್ಕಿದ ಕೈ ನನ್ನದು, ಬಲಗೈ, ಅದಕ್ಕೇ ನಿನ್ನೆ ಮನೆಯಲ್ಲಿದ್ದೆ. ಬೆರಳು ಉಳಿಯುತ್ತವೋ ಇಲ್ಲವೋ ಹದಿನೈದು ದಿನ ನೋಡಬೇಕಂತೆ. ಅವತ್ತು ಅವನು ಕೂಗಿಕೊಂಡು ಬಂದದ್ದು ಅಕ್ಕಾ ಎಂದು. ಹಾಗೆ ಕರೆದದ್ದಕ್ಕೆ ಬೈಯಬೇಕು ಎಂದುಕೊಂಡಿದ್ದೇನೆ, ಇನ್ನೂ ಬೈದಿಲ್ಲ.

ಈ ಪತ್ರ ಬರೆದವನು ಅವನೇ. ನನ್ನ ಎದುರಿನ ಸ್ಟೂಲಿನ ಮೇಲೆ ಕೂತು, ನಾನು ಅವನನ್ನು ಬೈದದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದಿದ್ದಾನೆ. ನಾನು ಅವನಿಗೆ ಕೊಡಬೇಕೆಂದಿದ್ದ ಶಿಕ್ಷೆ ಇದೊಂದು, ಕೊಟ್ಟೆ. ನಲವತ್ತು ನಿಮಿಷದ ಸಾಲು ಬಂದಾಗ ಪೆನ್ನು ನಿಂತಿತು. ಇನ್ನೊಂದು ಸಲ ಬರಿ ಅಂದೆ. ಬರೆದ. ಗೀಟುಗಳ ವಿಷಯ ಅವನಿಗೆ ಗೊತ್ತೇ ಇರಲಿಲ್ಲ, ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು. ತಲೆ ಎತ್ತಿ ನನ್ನನ್ನು ನೋಡಿದ. ನಾನೂ ನೋಡಿದೆ. ಆಮೇಲೆ ಮುಂದಿನ ಸಾಲು ಹೇಳಿದೆ. ಎರಡೂವರೆ ಗಂಟೆ ಹಿಡಿಯಿತು, ಅದನ್ನು ಅವನ ಲೆಕ್ಕಕ್ಕೆ ಸೇರಿಸಿದ್ದೇನೆ.

ಲಕೋಟೆ ಅಂಟಿಸಿ ಅಂಚೆ ಡಬ್ಬಿಗೆ ಹಾಕಲು ಅವನ ಕೈಗೇ ಕೊಡುತ್ತಿದ್ದೇನೆ. ನನ್ನನ್ನು ಮುಳುಗಿಸುವುದಕ್ಕೆ ಇದೊಂದು ಪತ್ರ ಸಾಕು, ಅವನು ಎಲ್ಲಿಗೆ ಬೇಕಾದರೂ ತೆಗೆದುಕೊಂಡು ಹೋಗಬಹುದು. ಇದು ನಿನ್ನ ಕೈಯಲ್ಲಿದ್ದರೆ, ಈ ಸಲ ಅವನು ಓಡಲಿಲ್ಲ ಎಂದು ತಿಳಿ. ನಾನು ಕ್ಷಮಿಸಿದೆ ಎಂದು ಮಾತ್ರ ತಿಳಿಯಬೇಡ.